ಧಾರವಾಡದ ನೀರಿನ ಬೆನ್ನು ಹತ್ತಿ ಕಡಲಿಗೆ: ಹೋಗುವವರಿಗೆ ನಾಲ್ಕು ಮಾತು

ಮೊದಲು ರೂಮಿನ ವಿಷಯ ಹೇಳಿಬಿಡುತ್ತೇನೆ. ಗೋಕರ್ಣದಲ್ಲಿ ಫೋನಿನಲ್ಲಿ 1200 ಅಂದವರು ನಾವು ಬ್ಯಾಗು ಇಳಿಸಿದ ಮೇಲೆ, ಶನಿವಾರ ಅಲ್ವಾ, 2800 ಅಂದರು. ಕತ್ತಲಾಗಿತ್ತು, ಜೊತೆಗೆ ಅರವತ್ತು ದಾಟಿದ ಕಾಕಾ ಇದ್ದರು, ಕೊಟ್ಟೆವು. ಕಿಟಕಿ ತೆಗೆದರೆ ಕಾಣುವುದು ಪಕ್ಕದ ಮನೆ ಗೋಡೆ, ನಲ್ಲಿಯಲ್ಲಿ ಉಪ್ಪು ನೀರು. ಶನಿವಾರ, ಭಾನುವಾರ ಗೋಕರ್ಣದಲ್ಲಿ ಉಳಿಯಲೇಬೇಡಿ. ಹಿಂದಿನ ರಾತ್ರಿ ಅಂಕೋಲಾದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ 700ಕ್ಕೆ ಇದಕ್ಕಿಂತ ಚೊಕ್ಕ ರೂಮು ಸಿಕ್ಕಿತ್ತು.

ನಾವು ಹೋಗಿದ್ದು ಬೀಚಿಗಲ್ಲ. ಧಾರವಾಡದಲ್ಲಿ ಹುಟ್ಟುವ ನೀರು ಕಡಲು ಸೇರುವ ತನಕ ನೋಡಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ನಮ್ಮ ಊರು ನೀರು ಎರಡು ಕಡೆ ಹಂಚಿಹೋಗುವ ದಿಬ್ಬದ ಮೇಲಿದೆ. ಪೂರ್ವಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳ, ಮಲಪ್ರಭಾ, ಕೃಷ್ಣಾ ಅಂತ ಹೋಗಿ ಬಂಗಾಳ ಕೊಲ್ಲಿ ಸೇರುತ್ತದೆ. ಪಶ್ಚಿಮದ್ದು ಶಾಲ್ಮಲಾ. ಕಲಘಟಗಿ ರಸ್ತೆಯ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟಿ, ಮುಂದೆ ಬೇಡ್ತಿಯಾಗಿ, ಘಟ್ಟ ಇಳಿದ ಮೇಲೆ ಗಂಗಾವಳಿ ಅನ್ನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಶಿರಸಿ ಹತ್ತಿರ ಸಹಸ್ರಲಿಂಗದ ಶಾಲ್ಮಲಾ ಬೇರೆ ಹೊಳೆ, ಅದನ್ನೇ ಇದು ಅಂದುಕೊಂಡು ಆ ಕಡೆ ಹೋಗಬೇಡಿ.

ಹುಬ್ಬಳ್ಳಿಯಿಂದ ಯಲ್ಲಾಪುರದ ಬಸ್ಸು ಮಾತ್ರ ಕಷ್ಟ ಕೊಟ್ಟಿತು. ಕಲಘಟಗಿ ದಾಟಿ ಸ್ವಲ್ಪ ದೂರಕ್ಕೆ ಕೆಟ್ಟು ನಿಂತು, ಹಿಂದೆ ಬಂದ ಇನ್ನೊಂದು ಬಸ್ಸಿನಲ್ಲಿ ಎಲ್ಲರನ್ನೂ ತುಂಬಿದರು. ಕಾಕಾಗೆ ಸೀಟು ಸಿಗಲಿಲ್ಲ, ಯಾರೂ ಎದ್ದು ಕೊಡಲೂ ಇಲ್ಲ. ಬೆಳಿಗ್ಗೆ ಆರರ ಒಳಗಿನ ಬಸ್ಸು ಹಿಡಿಯಿರಿ, ಗದ್ದಲ ಕಡಿಮೆ.

ಯಲ್ಲಾಪುರದಿಂದ ಮಾಗೋಡು ಜೋಗಕ್ಕೆ, ಅಂದರೆ ಜಲಪಾತಕ್ಕೆ, ಬಸ್ಸು ನೆಚ್ಚಿಕೊಂಡರೆ ದಿನ ಹೋಯಿತು. ಆಟೋ ಮಾಡಿ, ಹೋಗಿ ಬರುವುದಕ್ಕೆ ಸೇರಿಸಿ ಮಾತಾಡಿಕೊಳ್ಳಿ. ಬೇಡ್ತಿ ಅಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಬೀಳುತ್ತದೆ. ಹೊಳೆ ಅಲ್ಲೇ ಯಾಕೆ ಬೀಳುತ್ತದೆ ಅನ್ನುವುದು ಹಳೆಯ ಕಥೆ. ಭಾರತ ಮಡಗಾಸ್ಕರ್‌ನಿಂದ ಬೇರೆಯಾದದ್ದು ಸುಮಾರು 9 ಕೋಟಿ ವರ್ಷದ ಹಿಂದೆ. ಪಶ್ಚಿಮದ ಅಂಚು ಹಾಗೆ ಕಡಿದು ನಿಂತಿತು. ಆಮೇಲಿಂದ ಹೊಳೆಗಳು ಆ ಅಂಚನ್ನು ಕೊರೆಯುತ್ತಾ ಒಳನಾಡಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತಿವೆ. ಜೋಗ ಅಂದರೆ ಆ ಕೊರೆತ ಸದ್ಯಕ್ಕೆ ಮುಟ್ಟಿರುವ ಜಾಗ. ಅಲ್ಲೇ ಹತ್ತಿರದ ಜೇನುಕಲ್ಲು ಗುಡ್ಡಕ್ಕೂ ಹೋಗಿ. ಮೇಲಿಂದ ಹೊಳೆ ಕಾಡಿನ ನಡುವೆ ಸುತ್ತಿಕೊಂಡು ಹೋಗುವುದು ಪೂರ್ತಿ ಕಾಣುತ್ತದೆ.

ಈಗ ಊಟದ ವಿಷಯ. ಯಲ್ಲಾಪುರದ ಪೇಟೆಯೊಳಗೆ ಒಂದು ಸಣ್ಣ ಮನೆ ಊಟದ ಹೋಟೆಲ್, ಬೋರ್ಡು ಕೂಡ ಇಲ್ಲ, ಮುಂದೆ ಅಡಿಕೆ ಚೀಲಗಳ ಅಂಗಡಿ. 80 ರೂಪಾಯಿಗೆ ಬಾಳೆ ಎಲೆ ಹಾಕಿ ಅನ್ನ, ಸೌತೆಕಾಯಿ ಹುಳಿ, ಒಂದೆಲಗದ ತಂಬುಳಿ, ಮಿಡಿ ಉಪ್ಪಿನಕಾಯಿ, ಕೊನೆಗೆ ಲೋಟದಲ್ಲಿ ಅಪ್ಪೆಹುಳಿ. ಆ ಅಪ್ಪೆಹುಳಿ! ನೀರಿನಷ್ಟು ತೆಳ್ಳಗೆ, ಮಾವಿನಕಾಯಿ ಘಮ, ಮೇಲೆ ಇಂಗಿನ ಒಗ್ಗರಣೆ. ರೊಟ್ಟಿ ಇಲ್ಲದೆ ಊಟವೇ ಅಲ್ಲ ಅನ್ನುವ ನಮ್ಮ ಕಾಕಾ ಮೂರು ಲೋಟ ಕುಡಿದರು. ಬಡಿಸುತ್ತಿದ್ದ ಅಮ್ಮ ಎರಡನೇ ಸಲ ಕೇಳದೆಯೇ ಹಾಕಿದರು, ಜಾಸ್ತಿ ದುಡ್ಡು ತಗೊಳ್ಳಲಿಲ್ಲ. ಅಲ್ಲಿ ಊಟ ಮಾಡುತ್ತಿದ್ದವರು ಕಳಚೆಯ ಕಥೆ ಹೇಳಿದರು. 2021ರ ಜುಲೈ ಮಳೆಗೆ ಆ ಊರಲ್ಲಿ ಗುಡ್ಡ ಕುಸಿದು ಅಡಿಕೆ ತೋಟ, ಮನೆ ಎಲ್ಲ ಹೋದವು. ಬೇಡ್ತಿ ನೀರನ್ನು ವರದಾ ಹೊಳೆಗೆ ತಿರುಗಿಸಿ ನಮ್ಮ ಹಾವೇರಿ, ಗದಗ ಕಡೆಗೆ ಕೊಡುವ ಯೋಜನೆ ಬಗ್ಗೆ ಕಾಕಾ ಬಾಯಿ ತೆಗೆದರು. ಅವರು ಎರೆಹೊಲದ ರೈತ, ನೀರಿನ ಬೆಲೆ ಗೊತ್ತು. ಎದುರಿಗೆ ಕೂತವರು ಸಿಟ್ಟಾಗಲಿಲ್ಲ, ಈ ಗುಡ್ಡಗಳಲ್ಲಿ ಇನ್ನು ಅಗೆದರೆ ನಾವೆಲ್ಲಿ ಹೋಗೋಣ ಅಂತ ಮಾತ್ರ ಕೇಳಿದರು. ಹುಬ್ಬಳ್ಳಿಯಲ್ಲಿ ಕೂತು ನಾನೂ ಆ ಯೋಜನೆ ಬೇಕು ಅನ್ನುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಹೇಳಲಾರೆ.

ಯಲ್ಲಾಪುರದಿಂದ ಅಂಕೋಲಾಕ್ಕೆ ಹೋಗುವ ದಾರಿಯ ಅರಬೈಲ್ ಘಟ್ಟವನ್ನು ಹಗಲಲ್ಲೇ ಇಳಿಯಿರಿ.

ಮರುದಿನ ಅಂಕೋಲಾದಿಂದ ಗೋಕರ್ಣಕ್ಕೆ ಹೋಗುವಾಗ ಶಿರೂರಿನಲ್ಲಿ ಇಳಿದೆವು. 2024ರ ಜುಲೈ 16ರಂದು ಗುಡ್ಡ ಹೆದ್ದಾರಿ ಮೇಲೆ ಬಿದ್ದು, ರಸ್ತೆ ಬದಿಯ ಚಹಾ ಅಂಗಡಿಯನ್ನೂ ಅದರಲ್ಲಿದ್ದವರನ್ನೂ ಗಂಗಾವಳಿಗೆ ತಳ್ಳಿದ ಜಾಗ ಅದು. ಮಣ್ಣು ಬಿದ್ದ ರಭಸಕ್ಕೆ ಹೊಳೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿದಿತ್ತು. ಅವತ್ತು ಹೊಳೆಪಾಲಾದ ಕೇರಳದ ಲಾರಿಯೊಂದು ಮೇಲೆ ಬಂದಿದ್ದು ಎರಡು ತಿಂಗಳ ಮೇಲೆ. ಕಾಕಾ ರಸ್ತೆ ಬದಿ ಬಿದ್ದಿದ್ದ ಒಂದು ಹೆಂಟೆ ಎತ್ತಿಕೊಂಡರು. ನೋಡಲು ಕಲ್ಲು, ಕೆಂಪು ಹಳದಿ ಗೆರೆಗಳೂ ಹಾಗೇ ಇವೆ. ಬೆರಳಲ್ಲಿ ಒತ್ತಿದರೆ ಹಿಟ್ಟಾಯಿತು. "ಇದು ಕಲ್ಲಲ್ಲೋ ತಮ್ಮಾ, ಮಣ್ಣಾಗಾಕ ಹತ್ತಿದ ಕಲ್ಲು" ಅಂದರು. ನಿಜ ಅದೇ. ಬಿಸಿಲು, ಮಳೆಗೆ ಇಲ್ಲಿಯ ಬಂಡೆ ಒಳಗೊಳಗೇ ಕೊಳೆತು ಮೆತ್ತಗಾಗಿರುತ್ತದೆ. ಮಳೆ ನೀರು ಇಂಗಿ ತೂಕ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಆ ಭಾರ ಹೊರುವುದು ಗುಡ್ಡದ ಬುಡ. ರಸ್ತೆ ಅಗಲ ಮಾಡಲು ಕಡಿದದ್ದು ಆ ಬುಡವನ್ನೇ. ಅಲ್ಲಿ ದಯವಿಟ್ಟು ಸೆಲ್ಫಿ ತೆಗೆಯಬೇಡಿ, ಗುಡ್ಡದ ಕೆಳಗೆ ನಿಲ್ಲಲೂಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯ ಆಸೆಯೇ ಬೇಡ. ನಾವು ಹೋಗಿದ್ದು ನವೆಂಬರ್‌ನಲ್ಲಿ.

ಗೋಕರ್ಣಕ್ಕೆ ಮೊದಲು ಸಾಣಿಕಟ್ಟಾ ಬರುತ್ತದೆ. ಭರತಿಯಲ್ಲಿ ಏರುವ ಉಪ್ಪು ನೀರನ್ನು ಕಟ್ಟೆ ಹಾಕಿ ಹಿಡಿದು, ಪಾತಿಗಳಲ್ಲಿ ಒಣಗಿಸಿ ಉಪ್ಪು ತೆಗೆಯುತ್ತಾರೆ. ನಾವು ಹೋದಾಗ ಬರೀ ನೀರಿತ್ತು. ಉಪ್ಪಿನ ರಾಶಿ ನೋಡಬೇಕಾದರೆ ಬೇಸಿಗೆಗೆ ಹೋಗಿ.

ಭಾನುವಾರ ಗಂಗಾವಳಿ ಅಳಿವೆಗೆ ಹೋದೆವು. ಹೊಳೆಯ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬ ಬಿದ್ದಿತ್ತು. ಘಟ್ಟದಿಂದ ಹೊಳೆ ತಂದ ಮರಳು, ಅಲೆ ಹಿಂದಕ್ಕೆ ತಳ್ಳುವ ಮರಳು, ಎರಡೂ ಅಲ್ಲೇ ಸೇರುತ್ತವೆ. ದಿಬ್ಬ ಗಟ್ಟಿ ಕಂಡರೂ ಅದರ ಮೇಲೆ ನಡೆಯಬೇಡಿ, ಇಳಿತದಲ್ಲಿ ಹೊಳೆಯ ಎಳೆತ ಜೋರಾಗಿರುತ್ತದೆ. ಅಲ್ಲಿ ಅಂಗಡಿ ಇಲ್ಲ, ನೆರಳೂ ಕಡಿಮೆ. ವಾಪಸ್ ಬರಲು ಆಟೋ ಸಿಗುವುದಿಲ್ಲ. ಹೋದ ಆಟೋವನ್ನೇ ನಿಲ್ಲಿಸಿಕೊಳ್ಳಿ, ಒಂದು ತಾಸಿಗೆ ನಾವು ನೂರು ರೂಪಾಯಿ ಹೆಚ್ಚು ಕೊಟ್ಟೆವು.