ಹಾಜರಿ ಪುಸ್ತಕದಲ್ಲಿದ್ದ ಡ್ಯಾಮ್

ನಮ್ಮ ಎಂಟನೇ ಕ್ಲಾಸಿನ ಹಾಜರಿ ಪುಸ್ತಕ ಯಾರ ಹತ್ತಿರವಾದರೂ ಉಳಿದಿದ್ದರೆ ಒಮ್ಮೆ ತೆಗೆದು ನೋಡಿ. ಹೆಸರಿನ ಮುಂದೆ ಒಂದೇ ಒಂದು ಇನಿಶಿಯಲ್ ಇದ್ದವರು ಹೆಚ್ಚಾಗಿ ತಮಿಳರು. ಮನೆತನದ ಹೆಸರು ಮೊದಲು ಬಂದರೆ ತೆಲುಗರು. ಇಲ್ಲಿಯವರ ಹೆಸರಿಗೆ ಊರಿನ ಹೆಸರು ಅಂಟಿಕೊಂಡಿರುತ್ತಿತ್ತು. ನಡುವೆ ಇಬ್ಬರು ಮಲಯಾಳಿಗಳು, ಮನೆಯಲ್ಲಿ ಹೈದರಾಬಾದಿ ಉರ್ದು ಆಡುವವರು ನಾಲ್ಕೈದು ಜನ. ಅದು 1988. ಯಾವ ಊರು ಅಂತ ಯಾರಾದರೂ ಕೇಳಿದರೆ ನಾವೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು, "ಡ್ಯಾಮ್". ತುಂಗಭದ್ರಾ ಅಂತ ಪೂರ್ತಿ ಹೇಳುವವರು ಹೊರಗಿನಿಂದ ಬಂದ ಟೂರಿಸ್ಟುಗಳು. ಅಜ್ಜನ ಊರು ಯಾವುದು ಅಂತ ಕೇಳಿದರೆ ಮಾತ್ರ ಕ್ಲಾಸಿನಲ್ಲಿ ಒಬ್ಬೊಬ್ಬರದು ಒಂದೊಂದು ದಿಕ್ಕು.

ಶಾಲೆಯ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾದದ್ದು ನಮ್ಮ ಗಣಿತದ ಮೇಷ್ಟ್ರು. ಅವರಿಗೆ ಪಠ್ಯಪುಸ್ತಕದ ಮಾವಿನಹಣ್ಣಿನ ಲೆಕ್ಕ ಹಿಡಿಸುತ್ತಿರಲಿಲ್ಲ. "ಕಿಟಕಿ ಆಚೆ ಇಷ್ಟು ದೊಡ್ಡ ಲೆಕ್ಕ ನಿಂತಿದೆ, ಮಾವಿನಹಣ್ಣು ಯಾಕೆ?" ಅನ್ನುತ್ತಿದ್ದರು. 33 ಗೇಟು, ಒಂದೊಂದರ ಅಗಲ 60 ಅಡಿ, ಎತ್ತರ 20 ಅಡಿ. ಎಲ್ಲ ಗೇಟು ಪಕ್ಕಪಕ್ಕ ಇಟ್ಟರೆ ಎಷ್ಟು ಉದ್ದ? ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಒಂದು ದಿನದಲ್ಲಿ ಅಷ್ಟು ನೀರು ಬಿಡಬೇಕಾದರೆ ಎಷ್ಟು ಕ್ಯೂಸೆಕ್ಸ್, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ? ಉತ್ತರ 11,574. ಪೈಥಾಗೊರಸ್ ಮರೆತುಹೋದರೂ ನಮ್ಮ ಕ್ಲಾಸಿನವರು ಈ ಸಂಖ್ಯೆ ಮರೆತಿಲ್ಲ, ಬೇಕಾದರೆ ನಿದ್ದೆಯಿಂದ ಎಬ್ಬಿಸಿ ಕೇಳಿ. ಅವರ ಲೆಕ್ಕದಲ್ಲೆಲ್ಲ ಡ್ಯಾಮ್ ಹಿಡಿಯುವ ನೀರು 133 ಟಿಎಂಸಿ, ಕಟ್ಟಿದಾಗ ಇದ್ದ ಅಳತೆ. ಹೂಳು ತುಂಬಿ ತುಂಬಿ ಈಗ ಅದು 105ರ ಹತ್ತಿರ ಬಂದಿದೆ. ಮೇಷ್ಟ್ರು ಇದ್ದಿದ್ದರೆ ಹೂಳಿನ ಮೇಲೂ ಒಂದು ಲೆಕ್ಕ ಕೊಡುತ್ತಿದ್ದರು.

ಸಮಾಜ ಪಾಠ ಮಾಡುತ್ತಿದ್ದ ಮೇಷ್ಟ್ರು ಬೇರೆ ಥರ. ಮಾತು ಕಡಿಮೆ, ಕೆಂಪು ಶಾಯಿ ಜಾಸ್ತಿ. ಒಂದು ದಿನ "ನಮ್ಮ ಅಣೆಕಟ್ಟು" ಅಂತ ಪ್ರಬಂಧ ಬರೆಯಲು ಹೇಳಿದರು. ಲೈಬ್ರರಿಯ ಪುಸ್ತಕ ಇಟ್ಟುಕೊಂಡು ಅಚ್ಚುಕಟ್ಟಾಗಿ ಬರೆದೆ. 1860ರಲ್ಲೇ ಸರ್ ಆರ್ಥರ್ ಕಾಟನ್ ಇಲ್ಲಿ ನೀರು ನಿಲ್ಲಿಸುವ ಯೋಚನೆ ಮಾಡಿದ್ದು, ಮದ್ರಾಸು ಮತ್ತು ಹೈದರಾಬಾದು ಸರ್ಕಾರಗಳು ನೀರಿಗಾಗಿ ವರ್ಷಗಟ್ಟಲೆ ಜಗ್ಗಾಡಿದ್ದು, 1945ರ ಫೆಬ್ರವರಿ 28ರಂದು ಎರಡೂ ದಡದಲ್ಲಿ ಕೆಲಸಕ್ಕೆ ಅಡಿಗಲ್ಲು ಹಾಕಿದ್ದು, ಮದ್ರಾಸು ಕಡೆಯ ಇಂಜಿನಿಯರ್ ತಿರುಮಲೈ ಅಯ್ಯಂಗಾರ್, 1953ರ ಜುಲೈಯಲ್ಲಿ ಕಾಲುವೆಗೆ ನೀರು. ಎಲ್ಲ ಸರಿಯಾಗಿತ್ತು. ಹತ್ತಕ್ಕೆ ಆರು ಬಂತು. ಕೆಳಗೆ ಕೆಂಪು ಶಾಯಿಯಲ್ಲಿ ಎರಡೇ ಪದ: "ಕಲ್ಲು ಹೊತ್ತವರು?"

ನನಗೆ ಅವಮಾನವಾಯಿತು. ಏಕೆಂದರೆ ಕಲ್ಲು ಒಡೆದವರೊಬ್ಬರು ನಮ್ಮನೆ ಜಗಲಿಯ ಮೇಲೆ ಬೀಡಿ ಸೇದುತ್ತ ಕೂತಿದ್ದರು. ಅದು ಮೇಷ್ಟ್ರಿಗೂ ಗೊತ್ತಿತ್ತು.

ತಾತ ಪಾಲಮೂರಿನವರು. ಈಗಿನ ತೆಲಂಗಾಣದ ಮಹಬೂಬ್‌ನಗರ ಜಿಲ್ಲೆಯ ಹಳೆ ಹೆಸರದು. ಮಳೆ ಕಡಿಮೆ, ಕಲ್ಲು ಜಾಸ್ತಿ ಇರುವ ಸೀಮೆ. ಅಲ್ಲಿಂದ ದೇಶದ ಎಷ್ಟೋ ಡ್ಯಾಮುಗಳಿಗೆ ಕೂಲಿಯವರು ಹೋಗಿದ್ದಾರೆ. ಪಾಲಮೂರು ಲೇಬರ್ ಅಂದರೆ ಕಂಟ್ರಾಕ್ಟರುಗಳಿಗೆಲ್ಲ ಗೊತ್ತು. ಊರಿಗೆ ಗುಂಪು ಮೇಸ್ತ್ರಿ ಬರುತ್ತಿದ್ದ. ಮನೆಗೆ ಮುಂಗಡ ಕೊಡುತ್ತಿದ್ದ. ಆ ಮುಂಗಡ ತೀರುವವರೆಗೆ ಇಡೀ ಗುಂಪು ಅವನು ಕರೆದ ಕಡೆ ಹೋಗಬೇಕು. 1946ರಲ್ಲಿ ಇಪ್ಪತ್ತು ವರ್ಷದ ತಾತ ಹಾಗೇ ಹೊರಟರು. ಕೃಷ್ಣಾ ದಾಟಿ, ರಾಯಚೂರಿನವರೆಗೆ ನಡೆದು, ಅಲ್ಲಿಂದ ಲಾರಿ ಹತ್ತಿ ಮುನಿರಾಬಾದಿಗೆ. ನಮ್ಮ ಡ್ಯಾಮಿನ ಮುಖ್ಯ ಕಂಟ್ರಾಕ್ಟರ್ ವೆಂಕಟ ರೆಡ್ಡಿ ಮುಲಮಲ್ಲ ಕೂಡ ಅದೇ ಜಿಲ್ಲೆಯವರು. ಹಾಗಾಗಿ ಮುನಿರಾಬಾದಿನ ಗುಡಿಸಲುಗಳಲ್ಲಿ ತಮ್ಮೂರ ಮಾತೇ ಕೇಳಿಸುತ್ತಿತ್ತು ಅನ್ನುತ್ತಿದ್ದರು ತಾತ.

ಆಗ ಹೊಳೆಯ ಆ ದಡ ನಿಜಾಮರದು, ಈ ದಡ ಮದ್ರಾಸಿನದು. ಒಂದೇ ಗೋಡೆ ಕಟ್ಟಲು ಎರಡು ಸರ್ಕಾರ. ದುಡ್ಡೂ ಎರಡು ಥರ. ಆ ಕಡೆ ನಿಜಾಮರ ಹಾಲಿ ರೂಪಾಯಿ, ಈ ಕಡೆ ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಹೊಸಪೇಟೆ ಸಂತೆಗೆ ಬರುವಾಗ ದುಡ್ಡು ಬದಲಾಯಿಸಬೇಕು, ಅಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಿದ್ದರು. ಓದು ಬರಹ ಬಾರದ ತಾತನಿಗೆ ಏಳರ ಮಗ್ಗಿ, ಆರರ ಮಗ್ಗಿ ಎರಡೂ ಬಾಯಿಗೆ ಬರುತ್ತಿದ್ದದ್ದು ಹಾಗೆ. ಗಣಿತದ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಮಾರನೇ ದಿನವೇ ಬೋರ್ಡಿನ ಮೇಲೆ ಹಾಲಿ ರೂಪಾಯಿಯ ಲೆಕ್ಕ ಹಾಕಿದರು!

ನಾಯನಮ್ಮ, ಅಂದರೆ ಅಪ್ಪನ ಅಮ್ಮ, ಈ ದಡದವರು. ಅನಂತಪುರ ಕಡೆಯ ಬರದ ಊರಿನಿಂದ ಅಪ್ಪ ಅಮ್ಮನ ಜೊತೆ ಬಂದಿದ್ದರು. ಅವರದು ಗಾರೆ ಹೊರುವ ಕೆಲಸ. ಯುದ್ಧ ಆಗಷ್ಟೇ ಮುಗಿದಿತ್ತು, ಸಿಮೆಂಟು ಸುಲಭವಾಗಿ ಸಿಗುತ್ತಿರಲಿಲ್ಲ. ಗಾರೆಗೆ ಸುರ್ಕಿ ಬೆರೆಸುತ್ತಿದ್ದರು. ಸುರ್ಕಿ ಅಂದರೆ ಸುಟ್ಟ ಜೇಡಿಮಣ್ಣಿನ ನುಣ್ಣನೆ ಪುಡಿ. ಅದು ಸುಣ್ಣದ ಜೊತೆ ಸೇರಿದರೆ ನೀರಿನೊಳಗೂ ಗಟ್ಟಿಯಾಗುತ್ತದೆ. ಇಂಜಿನಿಯರುಗಳು ಅದನ್ನು ಹೇಗೆ ಪರೀಕ್ಷೆ ಮಾಡುತ್ತಿದ್ದರೋ, ನಾಯನಮ್ಮ ಮಾತ್ರ ಹೆಬ್ಬೆರಳು ತೋರುಬೆರಳು ಉಜ್ಜಿ ತೋರಿಸುತ್ತಿದ್ದರು. ಮರಳಿನ ಹಾಗೆ ಕಿರುಗುಟ್ಟಬಾರದು, ಕುಂಕುಮದ ಹಾಗೆ ಅಂಟಬೇಕು. ಅವರ ನಡುನೆತ್ತಿಯಲ್ಲಿ ಒಂದು ರೂಪಾಯಿ ಅಗಲದ ಜಾಗದಲ್ಲಿ ಕೂದಲೇ ಇರಲಿಲ್ಲ. ಸಿಂಬೆ ಕೂರುತ್ತಿದ್ದ ಜಾಗ. ಎಣ್ಣೆ ಹಚ್ಚುವಾಗ ನಾನು ಅಲ್ಲಿ ಬೆರಳಿಟ್ಟರೆ ನಗುತ್ತಿದ್ದರು. "ಅದು ಸರ್ಕಾರಿ ಜಾಗ ಕಣೋ, ಅಲ್ಲಿ ಏನೂ ಬೆಳೆಯಲ್ಲ."

ಅವರಿಬ್ಬರಿಗೆ ಮದುವೆ ಹೇಗಾಯಿತು ಅನ್ನುವುದಕ್ಕೆ ಮನೆಯಲ್ಲಿ ಮೂರು ಕತೆಗಳಿವೆ, ಮೂರೂ ಒಂದಕ್ಕೊಂದು ಹೊಂದುವುದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಆದಮೇಲೆ ದಡ ದಾಟುವ ಭಯ ಹೋಯಿತು ಅನ್ನುವುದಷ್ಟೇ ಮೂರರಲ್ಲೂ ಇರುವ ಮಾತು. 1951ರಲ್ಲಿ ನಮ್ಮಪ್ಪ ಲೇಬರ್ ಕ್ಯಾಂಪಿನ ತಗಡಿನ ಶೆಡ್ಡಿನಲ್ಲಿ ಹುಟ್ಟಿದರು. ಅಪ್ಪನ ಜನ್ಮದಾಖಲೆಯ ಪ್ರಕಾರ ಅವರು ಮದ್ರಾಸು ರಾಜ್ಯದವರು. ನೀರು ಬಿಟ್ಟ ಮೂರೇ ತಿಂಗಳಿಗೆ, 1953ರ ಅಕ್ಟೋಬರ್ 1ಕ್ಕೆ, ಹೊಸಪೇಟೆ ಮೈಸೂರಿಗೆ ಸೇರಿತು. 1956ರಲ್ಲಿ ಆಚೆ ದಡವೂ ಬಂತು. ಕಟ್ಟಿದ ಎರಡೂ ಸರ್ಕಾರ ಗಂಟು ಕಟ್ಟಿಕೊಂಡು ಹೊರಟವು, ಕಟ್ಟಿದ ಜನ ಇಲ್ಲೇ ಉಳಿದರು.

ಎಲ್ಲರೂ ಉಳಿದರು ಅಂದರೆ ತಪ್ಪಾಗುತ್ತದೆ. ತಾತನ ಇಬ್ಬರು ತಮ್ಮಂದಿರು ಅದೇ ಮೇಸ್ತ್ರಿಯ ಹಿಂದೆ ನಾಗಾರ್ಜುನ ಸಾಗರಕ್ಕೆ ಹೋದರು. ತಾತನಿಗೆ ಕಾಲುವೆ ರಿಪೇರಿಯ ಕೆಲಸ ಸಿಕ್ಕಿದ್ದಕ್ಕೆ ನಾವು ಈ ಶಾಲೆಗೆ ಬಂದೆವು, ಇಲ್ಲದಿದ್ದರೆ ನಾನು ಇನ್ಯಾವುದೋ ಡ್ಯಾಮಿನ ಸಂಚಿಕೆಗೆ ಬರೆಯುತ್ತಿದ್ದೆನೇನೋ. ನೀರು ಬಂದಮೇಲೆ ಕರಾವಳಿ ಆಂಧ್ರದ ರೈತರು ಬಂದರು. ಇಲ್ಲಿಯವರಿಂದ ಜಮೀನು ಕೊಂಡು ಭತ್ತ ಹಾಕಿದರು. ಗಂಗಾವತಿ, ಸಿಂಧನೂರು ಕಡೆ ಬಸ್ಸಿನಲ್ಲಿ ಹೋದರೆ ಸಾಲುಸಾಲು ಕ್ಯಾಂಪುಗಳು ಸಿಗುತ್ತವೆ, ಎಲ್ಲವೂ ಈಗ ಗಟ್ಟಿ ಊರುಗಳು. ಅವರೂ ದುಡಿದವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಪ್ಪ ಹುಟ್ಟಿದ ಕ್ಯಾಂಪು ಎಲ್ಲಿತ್ತು ಅಂತ ತೋರಿಸಲು ಒಂದು ಕಲ್ಲೂ ಇಲ್ಲ. ಹೈದರಾಬಾದಿನ ಇಂಜಿನಿಯರ್ ಪಾಪಯ್ಯನವರ ಹೆಸರು ಎಡದಂಡೆ ಕಾಲುವೆಯ ಸುರಂಗಕ್ಕಿದೆ. ಅದೂ ಸರಿಯೇ. ಸುರಂಗ ಕೊರೆದವರ ಹೆಸರು ಬರೆಯಲು ಅಷ್ಟು ದೊಡ್ಡ ಬೋರ್ಡು ಎಲ್ಲಿ ಸಿಗಬೇಕು ಹೇಳಿ.

ಇದನ್ನೆಲ್ಲ ಸೇರಿಸಿ ಪ್ರಬಂಧ ಮತ್ತೆ ಬರೆದೆ. ಮೇಷ್ಟ್ರು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸಿದರು. ನಾನು ಎದೆ ಉಬ್ಬಿಸಿಕೊಂಡು ಓದಿ ಕೂತೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಮರಿಯಮ್ಮನಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗ. "ಸರ್, ಇವರ ತಾತ ಕಟ್ಟಿದ್ದಕ್ಕೇ ನಮ್ಮೂರು ಮುಳುಗಿದ್ದು" ಅಂದ.

ಕ್ಲಾಸು ಗಪ್‌ಚಿಪ್.

ಅವರ ಊರು ನಾರಾಯಣದೇವರಕೆರೆ. ಹಿನ್ನೀರಿನಲ್ಲಿ ಮುಳುಗಿದ ಸುಮಾರು 90 ಊರುಗಳಲ್ಲಿ ಅದೂ ಒಂದು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆ ಊರಿನ ಕಲ್ಲುಗೋಡೆ ಮೇಲೇಳುತ್ತವೆ. ಅವನ ಮನೆಯವರು ಹೋಗಿ ತಮ್ಮ ಮನೆ ಇದ್ದ ಜಾಗಕ್ಕೆ ಕಾಯಿ ಒಡೆದು ಬರುತ್ತಿದ್ದರು. ಅದೆಲ್ಲ ಆ ದಿನ ಅವನು ಹೇಳಿದ್ದಕ್ಕೆ ನನಗೆ ಗೊತ್ತಾದದ್ದು. ಮೇಷ್ಟ್ರು ಏನಾದರೂ ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು "ನೀನೂ ಬರೆದುಕೊಂಡು ಬಾ" ಅಂತ ಅವನಿಗೆ ಹೇಳಿ, ಭೂಪಟ ಸುತ್ತಿಕೊಂಡು ಹೊರಟುಹೋದರು.

ಮನೆಗೆ ಬಂದು ಹೇಳಿದೆ. ತಾತ ಏನೂ ಅನ್ನಲಿಲ್ಲ. ನಾಯನಮ್ಮ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ಆ ಊರ ಜಾತ್ರೆಯಲ್ಲೇ ನಾನು ಮೊದಲ ಸಲ ಗಾಜಿನ ಬಳೆ ತೊಟ್ಟದ್ದು. ಬಳೆಗಾರ ಕೈ ನೋಡಿ, ಗಾರೆ ಕೈ, ಬಳೆ ನಿಲ್ಲಲ್ಲ ತಾಯಿ ಅಂದಿದ್ದ" ಅಂದರು. ಮತ್ತೆ ಮೊರ ಎತ್ತಿಕೊಂಡರು.

ತಾತ ಶಾಲೆಗೆ ಬಂದದ್ದು ಒಂದೇ ಸಲ, ನನ್ನ ಟಿ.ಸಿ. ತೆಗೆದುಕೊಳ್ಳುವಾಗ. ಆಫೀಸಿನ ಮುಂದೆ ಕಾಯುತ್ತ ಜೇಬಿನಿಂದ ಎಂಟಾಣೆ ತೆಗೆದು ಮೆಟ್ಟಿಲಿನ ಕಲ್ಲಿಗೆ ಕುಟ್ಟಿ ಕಿವಿ ಕೊಟ್ಟರು. ಒಂದೊಂದೇ ಮೆಟ್ಟಿಲು. ಠಣ್ ಅಂದರೆ ಗಟ್ಟಿ ಕಲ್ಲು. ಬದ್ ಅಂದರೆ ಒಳಗೆ ಬಿರುಕು. ಮೂರನೇ ಮೆಟ್ಟಿಲು ಬದ್ ಅಂತು. ಜವಾನರನ್ನು ಕರೆದು ಹೇಳಿದರು, ಅವರು ಯಾಕೋ ನಕ್ಕರು. ಈಗಿನ ಹೊಸ ಕಟ್ಟಡದಲ್ಲಿ ಟೈಲ್ಸ್ ಹಾಕಿದ್ದಾರೆ, ಆ ಮೆಟ್ಟಿಲು ಇಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋದದ್ದು ನಿಮಗೆಲ್ಲ ಗೊತ್ತು. ನಾನು ಬೆಂಗಳೂರಿನಲ್ಲಿದ್ದೆ. ಬೆಳಿಗ್ಗೆ ಅಪ್ಪನ ಫೋನು. ಅವರು ಗೇಟು ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ನಮ್ಮ ಡ್ಯಾಮಿನ ಗೇಟುಗಳಿಗಾಗಿಯೇ ಶುರುವಾದ, ಈಗ ಬಾಗಿಲು ಹಾಕಿರುವ ಕಾರ್ಖಾನೆ. ಎಪ್ಪತ್ತು ವರ್ಷದ ಚೈನು ಅಂತ ಹೇಳಿ ಸುಮ್ಮನಾದರು. ಆಮೇಲೆ, "ಕಲ್ಲಿನ ಕಡೆ ಏನೂ ಆಗಿಲ್ಲ" ಅಂದರು. ತಾತ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಆದರೂ ವರದಿ ಒಪ್ಪಿಸುವ ಹಾಗಿತ್ತು ಅವರ ದನಿ.

ಆ ಒಂದು ವಾರ ಟಿವಿ ಮುಂದಿನಿಂದ ನಾನು ಏಳಲಿಲ್ಲ. ಒತ್ತಡ ಕಡಿಮೆ ಮಾಡಲು ಬೇರೆ ಗೇಟುಗಳಿಂದಲೂ ನೀರು ಬಿಟ್ಟರು. ತುಂಬಿದ ಡ್ಯಾಮು ಕಣ್ಣೆದುರೇ ಇಳಿಯುತ್ತಿತ್ತು. ದಿನಕ್ಕೆ ಎಷ್ಟು ಟಿಎಂಸಿ ಹೋಯಿತು ಅಂತ ನಾನು 11,574ರಿಂದ ಭಾಗಿಸುತ್ತ ಕೂತಿದ್ದೆ. ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ತಾತ್ಕಾಲಿಕ ಗೇಟು ಇಳಿಸಬಹುದು ಅಂತ ಹೊರಟವರು ಕನ್ನಯ್ಯ ನಾಯ್ಡು, ವಯಸ್ಸಾದ ಗೇಟು ತಜ್ಞ. ಜೊತೆಗೆ ಕ್ರೇನಿನವರು, ವೆಲ್ಡಿಂಗಿನವರು, ಹಗ್ಗ ಹಿಡಿದು ನಿಂತ ಕಾರ್ಮಿಕರು. ಮೊದಲ ತುಂಡು ಕೂತಾಗ ಅವರು ಹಾಕಿದ ಕೇಕೆ ಟಿವಿಯಲ್ಲಿ ಕೇಳಿಸಿತು.

ಅದಕ್ಕೆ ಎರಡು ದಿನ ಮೊದಲು, ರಾತ್ರಿ ಹನ್ನೊಂದಕ್ಕೆ, ಮರಿಯಮ್ಮನಹಳ್ಳಿಯ ಆ ಗೆಳೆಯ ಫೋನ್ ಮಾಡಿದ್ದ. ಬೆಂಚಿನ ಮೇಲೆ ಎದ್ದು ನಿಂತವನೇ, ಈಗ ಮೂವತ್ತೈದು ವರ್ಷದ ಸ್ನೇಹ. "ಭತ್ತ ನಾಟಿ ಮಾಡಿದವರ ಗತಿ ಏನೋ?" ಅಂತ ಬಹಳ ಹೊತ್ತು ಪೇಚಾಡಿದ. ಆಮೇಲೆ ದನಿ ಸಣ್ಣಗಾಯಿತು.

"ಒಂದು ಮಾತು ಹೇಳ್ತೀನಿ, ಬೈಯಬೇಡ. ಇಷ್ಟು ನೀರು ಹೋದರೆ ಊರು ಕಾಣುತ್ತೇನೋ ಅಂತ ಅಮ್ಮ ಕೇಳ್ತಿದ್ದಾಳೆ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಕಾಣುತ್ತಾ?" ಅಂದೆ.

"ಇಲ್ಲ ಬಿಡು, ಇನ್ನೂ ಬಹಳ ಇಳೀಬೇಕು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಬೇಸಿಗೆಗೆ ಬಾರೋ. ಕರ್ಕೊಂಡು ಹೋಗ್ತೀನಿ. ಬರುವಾಗ ನಿಮ್ಮ ತಾತನ ಥರ ಒಂದು ಎಂಟಾಣೆ ಇಟ್ಕೊಂಡು ಬಾ."