ಮಗಳ ಟಿಎಸ್‌ಎಚ್ 7.4 ಬಂದಾಗ

ರಾತ್ರಿ ಒಂಬತ್ತಕ್ಕೆ ಮೊಬೈಲಿಗೆ ರಿಪೋರ್ಟ್ ಬಂತು. ಮಗಳಿಗೆ ಎಂಟು ವರ್ಷ. ಥೈರಾಯ್ಡ್ ಟೆಸ್ಟಿನ ಟಿಎಸ್‌ಎಚ್ 7.4, ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಮೇಲಕ್ಕೆ ತೋರಿಸುವ ಬಾಣ. ವೈರಲ್ ಜ್ವರ ಬಿಟ್ಟು ಹತ್ತು ದಿನ ಆಗಿತ್ತು, ಸುಸ್ತು ಹೋಗುತ್ತಿಲ್ಲ ಅಂತ ನಾನೇ ಲ್ಯಾಬಿಗೆ ಕರೆದುಕೊಂಡು ಹೋಗಿ ಪ್ಯಾಕೇಜ್ ಟೆಸ್ಟ್ ಮಾಡಿಸಿದ್ದೆ. ನನಗೂ ಥೈರಾಯ್ಡ್ ಇದೆ. ನನ್ನಿಂದಲೇ ಇವಳಿಗೂ ಬಂತಲ್ಲ ಅಂತ ಆ ರಾತ್ರಿ ನಿದ್ದೆ ಹತ್ತಲಿಲ್ಲ. "ಇಷ್ಟು ಚಿಕ್ಕ ಮಗುಗೆ ಜೀವನಪೂರ್ತಿ ಮಾತ್ರೆನಾ?" ಅಂತ ಅತ್ತೆ ಕೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲ.

ಮರುದಿನ ಮಕ್ಕಳ ಡಾಕ್ಟರ್ ರಿಪೋರ್ಟ್ ನೋಡಿ ಮೊದಲು ಕೇಳಿದ್ದು ಒಂದೇ ಮಾತು. "ಕಳೆದ ವರ್ಷದಿಂದ ಎಷ್ಟು ಎತ್ತರ ಆಗಿದ್ದಾಳೆ?"

ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಪ್ರತಿ ಹುಟ್ಟುಹಬ್ಬಕ್ಕೂ ಪೆನ್ಸಿಲ್ ಗೆರೆ ಎಳೆಯುತ್ತೇವೆ. ಮನೆಯಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ, ಟೇಪ್ ಹಿಡಿದು ಅಳೆದರು. ಏಳನೇ ಗೆರೆಯಿಂದ ಎಂಟನೆಯದಕ್ಕೆ 6 ಸೆಂಟಿಮೀಟರ್. ಡಾಕ್ಟರ್ ಮುಖದಲ್ಲಿ ನಗು ಬಂತು. ಈ ವಯಸ್ಸಿನಲ್ಲಿ ವರ್ಷಕ್ಕೆ 5–6 ಸೆಂಟಿಮೀಟರ್ ಬೆಳೆದರೆ ಸರಿಯಾಗಿಯೇ ಬೆಳೆಯುತ್ತಿದ್ದಾಳೆ ಅಂತ ಅರ್ಥ. ಥೈರಾಯ್ಡ್ ಹಾರ್ಮೋನು ತುಂಬ ದಿನದಿಂದ ನಿಜವಾಗಿ ಕಡಿಮೆ ಇದ್ದರೆ ಮಕ್ಕಳ ಎತ್ತರ ನಿಧಾನವಾಗುತ್ತದೆ, ತೂಕ ಮಾತ್ರ ಏರುತ್ತಿರುತ್ತದೆ.

ಆಮೇಲೆ ಬಿಡಿಸಿ ಹೇಳಿದರು. ಟಿಎಸ್‌ಎಚ್ ಗಂಟಲಿನ ಥೈರಾಯ್ಡ್‌ನಲ್ಲಿ ತಯಾರಾಗುವುದಲ್ಲ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ "ಕೆಲಸ ಮಾಡು" ಅಂತ ಥೈರಾಯ್ಡ್‌ಗೆ ಕಳಿಸುವ ಆಜ್ಞೆ ಅದು. ಕೆಲಸ ಆಗಿದೆಯಾ ಅಂತ ಹೇಳುವುದು ಫ್ರೀ ಟಿ4, ಅಂದರೆ ಥೈರಾಯ್ಡ್ ತಯಾರಿಸಿ ರಕ್ತಕ್ಕೆ ಬಿಡುವ ಹಾರ್ಮೋನು. ಎರಡನ್ನೂ ಜೊತೆಗಿಟ್ಟು ಓದಬೇಕು. ಮಗಳ ಫ್ರೀ ಟಿ4 1.2 ಇತ್ತು, ಆರಾಮಾಗಿ ಮಿತಿಯೊಳಗೆ. ನಾನು ಅದನ್ನು ಓದಿರಲೇ ಇಲ್ಲ, ಬಾಣ ಇರಲಿಲ್ಲವಲ್ಲ! ಜ್ವರದಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಸ್ವಲ್ಪ ದಿನ ಏರಬಹುದು. ತೂಕ ಜಾಸ್ತಿ ಇರುವ ಮಕ್ಕಳಲ್ಲೂ ಸ್ವಲ್ಪ ಏರಿರುತ್ತದೆ, ತೂಕ ಇಳಿದರೆ ಅದೂ ಇಳಿಯುತ್ತದೆ. ಇನ್ನೊಂದು, ರಿಪೋರ್ಟಿನಲ್ಲಿ ಅಚ್ಚಾಗಿದ್ದ ಮಿತಿ ದೊಡ್ಡವರದು. ಮಕ್ಕಳ ಮಿತಿ ವಯಸ್ಸಿಗೆ ತಕ್ಕಂತೆ ಬೇರೆ ಇರುತ್ತದೆ. ನಿಮ್ಮ ಮಗುವಿನ ರಿಪೋರ್ಟ್ ಕೈಯಲ್ಲಿದ್ದರೆ ದಯವಿಟ್ಟು ಇದೊಂದನ್ನು ನೋಡಿ.

ಎರಡು ತಿಂಗಳು ಬಿಟ್ಟು ಮತ್ತೆ ರಕ್ತ ಕೊಟ್ಟೆವು. ಕೂದಲಿಗೆ ಅಂತ ಕೊಡುತ್ತಿದ್ದ ಬಯೋಟಿನ್ ಗಮ್ಮಿಯನ್ನು ಕೆಲವು ದಿನ ಮೊದಲೇ ನಿಲ್ಲಿಸಲು ಹೇಳಿದ್ದರು. ಬಯೋಟಿನ್‌ನಿಂದ ಕೆಲವು ಲ್ಯಾಬ್ ಮಷಿನ್‌ಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ಬರುತ್ತದಂತೆ. ಈ ಸಲ ಟಿಎಸ್‌ಎಚ್ 4.1. ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿದೆಯಾ ಅಂತ ನೋಡುವ ಆಂಟಿ ಟಿಪಿಒ ಟೆಸ್ಟ್ ನೆಗೆಟಿವ್. ಮಾತ್ರೆ ಬೇಡ ಅಂದರು.

ಆದರೆ ಟಿಎಸ್‌ಎಚ್ ಜಾಸ್ತಿ ಬಂದರೆ ಸುಮ್ನೆ ಕಾಯಿರಿ ಅಂತ ಯಾರೂ ತಿಳಿಯಬೇಡಿ. ಫ್ರೀ ಟಿ4 ಕೂಡ ಕಡಿಮೆ ಇದ್ದರೆ ಮಾತ್ರೆ ಬೇಕೇ ಬೇಕು. ಟಿಎಸ್‌ಎಚ್ ಸರಿಯಿದ್ದು ಫ್ರೀ ಟಿ4 ಮಾತ್ರ ಕಡಿಮೆ ಬಂದರೂ ಡಾಕ್ಟರಿಗೆ ತೋರಿಸಿ, ತೊಂದರೆ ಪಿಟ್ಯುಟರಿಯಲ್ಲೇ ಇರಬಹುದು. ಇನ್ನು ಹಸುಗೂಸುಗಳ ಲೆಕ್ಕವೇ ಬೇರೆ.

ಹುಟ್ಟಿದ ಅರ್ಧ ಗಂಟೆಯಲ್ಲಿ ಎಲ್ಲ ಮಕ್ಕಳ ಟಿಎಸ್‌ಎಚ್ 60–80ರವರೆಗೂ ಹಾರಿ ಆಮೇಲೆ ಇಳಿಯುತ್ತದೆ. ಅದಕ್ಕೇ 48 ಗಂಟೆ ಕಳೆದ ಮೇಲೆ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತ ತೆಗೆಯುವುದು. ನನ್ನ ತಮ್ಮನ ಮಗನಿಗೆ ಆ ಟೆಸ್ಟಿನಲ್ಲಿ ಜಾಸ್ತಿ ಬಂತು, ರಕ್ತನಾಳದಿಂದ ತೆಗೆದು ಮತ್ತೆ ನೋಡಿದಾಗ 100 ದಾಟಿತ್ತು, ಫ್ರೀ ಟಿ4 ತೀರಾ ಕೆಳಗೆ. ಅವತ್ತೇ ಮಾತ್ರೆ ಶುರು. ಅವನಿಗೆ ಒಂಬತ್ತು ದಿನ. ಮೊದಲ ಎರಡು ವಾರದೊಳಗೆ ಶುರುವಾದರೆ ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳುವುದನ್ನು ತಡೆಯಬಹುದು. ತಮ್ಮನ ಹೆಂಡತಿ ಬಾಣಂತನದಲ್ಲೇ ದಿನಾ ಬೆಳಿಗ್ಗೆ ಎರಡು ಚಮಚಗಳ ನಡುವೆ 25 ಮೈಕ್ರೋಗ್ರಾಮಿನ ಒಂದೂವರೆ ಮಾತ್ರೆ ಅರೆದು, ಎದೆಹಾಲು ಹಿಂಡಿ ಕಲಸಿ, ಒಂದು ಚೂರೂ ಚಮಚದಲ್ಲಿ ಉಳಿಯದ ಹಾಗೆ ಕುಡಿಸುತ್ತಿದ್ದಳು.

ನಮ್ಮಲ್ಲಿ ಈ ಹಿಮ್ಮಡಿ ಟೆಸ್ಟ್ ಎಲ್ಲ ಆಸ್ಪತ್ರೆಯಲ್ಲೂ ತಾನಾಗಿ ಆಗುವುದಿಲ್ಲ. ಡಿಸ್ಚಾರ್ಜ್ ಆಗುವ ಮೊದಲು ನೀವೇ ಬಾಯಿಬಿಟ್ಟು ಕೇಳಿ. ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅವನೂ ಚೆನ್ನಾಗಿ ಹಾಲು ಕುಡಿದು ಮಲಗುತ್ತಿದ್ದ.