ಅಜ್ಜಿಯ ವೀಣೆ: ಮೇಳ ಕಟ್ಟಿಸಿದ ಮೇಲೆ

ಅಂತೂ ಅಜ್ಜಿಯ ವೀಣೆಗೆ ಹೊಸ ಮೇಳ ಕಟ್ಟಿಸಿ ಆಯಿತು. ಅಂದರೆ, ತಂತಿಯನ್ನು ಒತ್ತಿ ನುಡಿಸುವ ಮೆಟ್ಟಿಲುಗಳನ್ನು ಹೊಸ ಮೇಣದಲ್ಲಿ ಸ್ವರಕ್ಕೆ ಸರಿಯಾಗಿ ಕೂರಿಸಿದ್ದು. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಜೇನುಮೇಣಕ್ಕೆ ಇದ್ದಿಲಪುಡಿ ಬೆರೆಸಿದ ಕರಿ ಮೇಣದ ಮೇಲೆ. ವರ್ಷಗಳು ಕಳೆದಂತೆ ಅದು ಒಣಗುತ್ತದೆ, ಮೆಟ್ಟಿಲು ಜರುಗುತ್ತದೆ, ಸ್ವರ ತಪ್ಪುತ್ತದೆ. ನಮ್ಮ ವೀಣೆಯಲ್ಲಿ ಮೇಲಿನ ಸ್ಥಾಯಿ ಮುಟ್ಟಿದರೆ ಸಾಕು, ಹಲ್ಲು ಜುಮ್ಮೆನ್ನುತ್ತಿತ್ತು.

ಮೇಳ ಕಟ್ಟುವವರು ಮನೆಗೇ ಬಂದಿದ್ದರು. ಹಳೇ ಮೇಣ ಕೆತ್ತಿ ತೆಗೆದು, ಹೊಸದನ್ನು ಕಾಯಿಸಿ ದಂಡಿಯ (ವೀಣೆಯ ಉದ್ದನೆಯ ಕತ್ತಿನ) ಎರಡೂ ಅಂಚಿಗೆ ಕೂರಿಸಿದರು. ಆಮೇಲೆ ಶುರುವಾಯಿತು ನೋಡಿ ನಿಜವಾದ ಕೆಲಸ. ಒಂದು ಮೆಟ್ಟಿಲು ಇಡುವುದು, ಮೀಟುವುದು, ತಲೆ ಓರೆ ಮಾಡಿ ಕೇಳುವುದು, ಕೂದಲೆಳೆಯಷ್ಟು ಸರಿಸುವುದು, ಮತ್ತೆ ಮೀಟುವುದು. ನಾನು ಮೊಬೈಲ್‌ನಲ್ಲಿ ಟ್ಯೂನರ್ ತೆರೆದು ಮುಂದಿಟ್ಟೆ. "ಅದು ನಿಮಗಿರಲಿ ಮೇಡಂ" ಅಂದರು. ಸಂಜೆವರೆಗೂ ಕಾಫಿಗೆ ಬಿಟ್ಟರೆ ಎದ್ದಿದ್ದೇ ಇಲ್ಲ.

ಇನ್ನು ನನ್ನ ಅಭ್ಯಾಸ. ಚಿಕ್ಕಂದಿನಲ್ಲಿ ಕಲಿತದ್ದನ್ನೇ ಮತ್ತೆ ಹಿಡಿದಿದ್ದೇನೆ. ಮೊದಲ ಪಾಠಗಳಾದ ಸರಳೆ, ಜಂಟಿ ವರಸೆ ಮೂರು ಕಾಲದಲ್ಲೂ (ವೇಗದಲ್ಲೂ) ಬರುತ್ತಿವೆ. ಮಲಹರಿ ರಾಗದ ಗೀತೆಗಳೂ ಪರವಾಗಿಲ್ಲ. ಮೋಹನ ರಾಗದ ವರ್ಣ ಒಂದನೇ ಕಾಲದಲ್ಲಿ ನಿಲ್ಲುತ್ತದೆ, ಎರಡನೇ ಕಾಲಕ್ಕೆ ಹೋದರೆ ಎಡಗೈ ಕೈಕೊಡುತ್ತದೆ. ಬೆರಳ ತುದಿಯಲ್ಲಿ ತಂತಿಯ ಗೀರು ಬಿದ್ದು ಉರಿ. ಕೊಬ್ಬರಿ ಎಣ್ಣೆ ಅದ್ದಿದ ಹತ್ತಿ ಪಕ್ಕದಲ್ಲೇ ಇರುತ್ತದೆ. ತುದಿ ಜಡ್ಡುಗಟ್ಟುವವರೆಗೂ ಇದು ತಪ್ಪಿದ್ದಲ್ಲ.

ಬಲಗೈ ಕಿರುಬೆರಳು ಮಾತ್ರ ಏನೂ ಮರೆತಿಲ್ಲ! ಪಕ್ಕದ ಮೂರು ತಾಳದ ತಂತಿಗಳನ್ನು ಮೀಟುವುದು ಅದೇ. ಚಿಕ್ಕವಳಿದ್ದಾಗ ಎಡಗೈ ಕಡೆ ಗಮನ ಹೋದರೆ ತಾಳ ನಿಂತುಬಿಡುತ್ತಿತ್ತು. ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಜ್ಜಿ ಅಲ್ಲಿಂದಲೇ, "ತಾಳ ಎಲ್ಲಿ ಹೋಯ್ತೇ?" ಅನ್ನೋರು. ಸಾಸಿವೆ ಸಿಡಿಯುವ ಸದ್ದಿನಲ್ಲೂ ಅವರಿಗೆ ಅದು ಕೇಳಿಸುತ್ತಿತ್ತು. ಅಪ್ಪ ಪೇಪರ್ ಓದುತ್ತಾ ಕಾಲಲ್ಲಿ ತಾಳ ಹಾಕೋರು. ಪಾಠಕ್ಕೆ ಅಂತ ಬೇರೆ ಹೊತ್ತು ಇರಲೇ ಇಲ್ಲ.

ಇಂಥ ಮನೆಯಲ್ಲಿ ಬೆಳೆದವರಿಗೆ "ಸಂಗೀತ ರಕ್ತದಲ್ಲೇ ಇದೆ ಬಿಡಿ" ಅನ್ನುತ್ತಾರೆ. ಸುಮ್ನೆ ಮಾತು. ಸಿಗುವುದು ಕಿವಿ, ಕೈ ಅಲ್ಲ. ಮೈಸೂರಿನ ಹೆಸರಾಂತ ವೀಣಾ ವಿದ್ವಾಂಸ ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರ ತಂದೆಯೇ ವೈಣಿಕರು. ಆದರೂ ಮಗ ಗುರು ವೆಂಕಟಗಿರಿಯಪ್ಪನವರ ಮುಂದೆ ಕೂತು ಕಲಿಯಬೇಕಾಯಿತು. ನನ್ನ ಕಷ್ಟವೂ ಇದೇ: ಗಾಂಧಾರ (ಸರಿಗಮದ 'ಗ') ಹೇಗಿರಬೇಕು ಅಂತ ಕಿವಿಗೆ ಚೆನ್ನಾಗಿ ಗೊತ್ತು, ಬೆರಳು ಅಲ್ಲಿಗೆ ಮುಟ್ಟುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಈ ಹಿಂಸೆ ಇಲ್ಲ, ಅಲ್ವಾ?

ಮಗಳಿಗೂ ವೀಣೆ ಮುಟ್ಟುವ ಆಸೆ. ತೊಡೆಯ ಮೇಲಿಟ್ಟುಕೊಂಡರೆ ಕೈ ಕೊನೆಯವರೆಗೆ ಎಟುಕುವುದಿಲ್ಲ. ಸದ್ಯಕ್ಕೆ ನಾನು ನುಡಿಸಿದ ಸರಳೆಯನ್ನು ಅವಳು ಬಾಯಲ್ಲಿ ಹಾಡುತ್ತಾಳೆ. ಜೊತೆಗೆ ತಾಳದ ತಂತಿಗಳನ್ನು ಅವಳ ಕಿರುಬೆರಳಿಗೇ ಬಿಟ್ಟುಕೊಟ್ಟಿದ್ದೇನೆ.

ಮುಂದಿನ ಕೆಲಸ: ಮಂದ್ರದ (ಕೆಳಗಿನ ಸ್ಥಾಯಿಯ) ತಂತಿ ತುಕ್ಕು ಹಿಡಿದಿದೆ, ಬದಲಿಸಬೇಕು. ಬೇಸಿಗೆಗೆ ಮೊದಲು ವೀಣೆಯನ್ನು ಕಿಟಕಿಯಿಂದ ದೂರ ಇಡಬೇಕು. ಬಿಸಿಲು ಬಿದ್ದರೆ ಹೊಸ ಮೇಣ ಮೆತ್ತಗಾಗಿ, ಕಟ್ಟಿಸಿದ ಮೇಳವೆಲ್ಲ ಜರುಗುತ್ತದೆ.